ಮನೆಯಲ್ಲೇ ಕಿಟ್ ವಿಮಾನ: ಎಲ್ಲಿಂದ ಶುರು ಮಾಡುವುದು?

ಪ್ರಶ್ನೆ (ಮಲ್ಪೆ): ಮನೆ ಹಿಂದೆ ದೊಡ್ಡ ಶೆಡ್ ಉಂಟು. ಝೆನಿತ್ ಸಿಎಚ್ 750 (ಬಿಡಿಭಾಗ ತರಿಸಿ ನಾವೇ ಜೋಡಿಸುವ ಎರಡು ಸೀಟಿನ ಪುಟ್ಟ ವಿಮಾನ) ಕಟ್ಟುವ ಆಸೆ. ಇಡೀ ಕಿಟ್‌ಗೆ ಒಟ್ಟಿಗೇ ದುಡ್ಡು ಹಾಕಬೇಕಾ?

ಉತ್ತರ (ಮಂಗಳೂರು): ಬೇಡ ಮಾರಾಯ್ರೆ. ಮೊದಲು ಬಾಲದ ರಡ್ಡರ್ (ಮೂತಿಯನ್ನು ಎಡ-ಬಲಕ್ಕೆ ತಿರುಗಿಸುವ ನಿಂತ ಹಲಗೆ) ಮಾತ್ರ ತರಿಸಿ, ಕೈ ಪಳಗಲಿ. ನಾನು ಬಸ್ ಬಾಡಿ ಕಟ್ಟುವವ, ಹೇಳ್ತೇನೆ ಕೇಳಿ: ತೂತು ಕೊರೆದ ಮೇಲೆ ಅಂಚಿನ ತರಿ ಬೆರಳಿಗೆ ತಾಗದ ಹಾಗೆ ತೆಗೆಯಿರಿ. ಕ್ಲೀಕೋ (ತೂತಿಗೆ ಹಾಕಿ ತೆಗೆಯುವ ತಾತ್ಕಾಲಿಕ ಪಿನ್ನು) ಹಾಕಿ ತಗಡು ಕೂಡಿಸಿ ನೋಡಿ, ಆಮೇಲೆ ರಿವೆಟ್. ಅದು ಪುಲ್ ರಿವೆಟ್, ಒಂದೇ ಬದಿಯಿಂದ ಎಳೆದು ಕೂರಿಸುವುದು, ಒಬ್ಬರೇ ಹೊಡೆಯಬಹುದು. ನಿಮ್ಮಲ್ಲಿ ಉಪ್ಪುಗಾಳಿ; ತಗಡು ಕೂಡುವಲ್ಲೆಲ್ಲ ಪ್ರೈಮರ್ (ತುಕ್ಕು ತಡೆಯುವ ಬಣ್ಣ) ಹಚ್ಚದೆ ಬಿಡಲೇಬೇಡಿ.

ಪ್ರಶ್ನೆ ಕೇಳಿದವರು: ಎಂಜಿನ್?

ಉತ್ತರ (ಉಡುಪಿ): ರೋಟ್ಯಾಕ್ಸ್ 912, 100 ಎಚ್‌ಪಿಯದ್ದು ಸಾಕು. ಅದನ್ನು ಕೊನೆಗೆ ಕೊಳ್ಳಿ, ಸುಮ್ಮನೆ ಶೆಡ್‌ನಲ್ಲಿ ಕೂತರೆ ವಾರಂಟಿ ಕರಗುತ್ತದೆ. ಆರ್ಡರ್‌ಗೆ ಮೊದಲೇ ಡಿಜಿಸಿಎ (ದೇಶದ ವಿಮಾನಯಾನ ನಿಯಂತ್ರಣ ಇಲಾಖೆ) ನಿಯಮ ಓದಿ.