ಹಳದಿ ಕರವಸ್ತ್ರದ ಸಿನಿಮಾ: 90 ನಿಮಿಷಕ್ಕೆ ಇಳಿಸಿ ತೋರಿಸಬಹುದಾ?

ಬೆಣ್ಣೆನಗರಿ:
ದಾವಣಗೆರೆಯ ನಮ್ಮ ಚಿತ್ರಬಳಗದಲ್ಲಿ ಮುಂದಿನ ತಿಂಗಳು ಜಪಾನಿನ ನಿರ್ದೇಶಕ ಯಮಾದಾ ಯೋಜಿಯವರ 1977ರ ‘ಶಿಯಾವಾಸೆ ನೋ ಕಿಈರೊಯ್ ಹಂಕಚಿ’ (ಸಂತೋಷದ ಹಳದಿ ಕರವಸ್ತ್ರ) ಇಟ್ಟುಕೊಂಡಿದ್ದೇವೆ. ಹಾಲ್ ಸಿಗೋದು ಎರಡೇ ತಾಸು. ಪರಿಚಯ, ಚರ್ಚೆ ಕಳೆದರೆ ಉಳಿಯೋದು 90 ನಿಮಿಷ, ಚಿತ್ರ 108 ನಿಮಿಷ ಇದೆ. ನೋಡೋರಲ್ಲಿ ಅರ್ಧ ಕಾಲೇಜು ಹುಡುಗರು, ಅರ್ಧ ಹಳೇ ಮಿಲ್ ಕಡೆಯ ಹಿರಿಯರು.

ಮೊದಲರ್ಧದಲ್ಲಿ ಆ ಹುಡುಗ ಕಿನ್ಯಾನ ಚೇಷ್ಟೆ ಜಾಸ್ತಿಯಾಯ್ತು ಅನ್ಸುತ್ತೆ. ಅದನ್ನು ಕತ್ತರಿಸಿದರೆ ನಷ್ಟ ಏನು? ಕೊನೆಯಲ್ಲಿ ಏನಾಗುತ್ತೆ ಅಂತ ಎಲ್ಲರಿಗೂ ಗೊತ್ತಿರುವಾಗ ಈ ಚಿತ್ರ ಹಿಡಿದು ಕೂರಿಸೋದಾದರೂ ಹೇಗೆ? ಇನ್ನೊಂದು, ಕನ್ನಡ ಸಬ್‌ಟೈಟಲ್ ಮಾಡಿದ್ದೀವಿ, ಪರದೆ ಮೇಲೆ ಒತ್ತಕ್ಷರ ಒಡೆದು ಕಾಣ್ತವೆ, ಹೋಗ್ತಾ ಹೋಗ್ತಾ ಮಾತಿಗೂ ಅಕ್ಷರಕ್ಕೂ ತಾಳೆ ತಪ್ಪುತ್ತೆ.

(ಕಥೆ ಪೂರ್ತಿ ಬಿಚ್ಚಿ ಮಾತಾಡೋಣ, ನೋಡದವರು ಇಲ್ಲಿಗೇ ನಿಲ್ಲಿಸಿ.)

ಏಳುಸುತ್ತು, ಚಿತ್ರದುರ್ಗ:
ಕತ್ತರಿ ಹಾಕಬೇಡ್ರಿ. ಬೇಕಾದರೆ ಪರಿಚಯದ ಭಾಷಣ ಕತ್ತರಿಸಿ.

ಎರಡನೇ ಪ್ರಶ್ನೆಯಿಂದ ಶುರು ಮಾಡೋಣ. ಜೈಲಿಂದ ಬಿಡುಗಡೆಯಾದವನು ‘ನನ್ನನ್ನು ಒಪ್ಪೋದಾದರೆ ಗುರುತು ಕಟ್ಟು’ ಅಂತ ಹೆಂಡತಿಗೆ ಬರೆಯುವ ಕಥೆ ಅಮೆರಿಕದಲ್ಲಿ ಮೊದಲೇ ಓಡಾಡ್ತಿತ್ತು. ಪೀಟ್ ಹ್ಯಾಮಿಲ್ 1971ರಲ್ಲಿ ಅದನ್ನು ನ್ಯೂಯಾರ್ಕ್ ಪೋಸ್ಟ್‌ನ ಅಂಕಣದಲ್ಲಿ ಬರೆದರು. ಯಮಾದಾ ಎತ್ತಿಕೊಂಡಿದ್ದು ಅದನ್ನೇ. ಅಲ್ಲಿ ಎಲ್ಲಾ ನಡೆಯೋದು ಬಸ್ಸಿನಲ್ಲಿ, ಓಕ್ ಮರದ ತುಂಬಾ ಹಳದಿ ಕರವಸ್ತ್ರ ಕಂಡಾಗ ಕೇಕೆ ಹಾಕೋದು ಸುತ್ತ ಕೂತ ಹುಡುಗ ಹುಡುಗಿಯರು. ಯಮಾದಾ ಬಸ್ ತೆಗೆದು ಪುಟ್ಟ ಕೆಂಪು ಮಜ್ದಾ ಫ್ಯಾಮಿಲಿಯಾ ಕೊಟ್ಟರು. ಒಳಗೆ ಮೂರೇ ಜನ: ಕಾರಿನ ಯುವಕ ಕಿನ್ಯಾ, ದಾರಿಯಲ್ಲಿ ಜೊತೆಯಾದ ಹುಡುಗಿ ಅಕೆಮಿ, ಜೈಲಿಂದ ಬಂದ ಯೂಸಾಕು. ಮುನಿಸಿಕೊಂಡರೆ ಸೀಟು ಬದಲಾಯಿಸೋಕೆ ಜಾಗ ಇಲ್ಲ. ಬಸ್ಸು ತನ್ನ ರೂಟ್ ಬಿಡಲ್ಲ, ಕಾರು ಹಾಗಲ್ಲ, ಯಾವಾಗ ಬೇಕಾದರೂ ವಾಪಸ್ ತಿರುಗುತ್ತೆ. ಕೊನೆಯ ಭಾಗದ ಎದೆಬಡಿತ ಪೂರ್ತಿ ಇದರ ಮೇಲೇ ನಿಂತಿದೆ. ಹೆಂಡತಿ ಇರುವ ಊರು ಯೂಬಾರಿ ಹತ್ತಿರ ಬಂದಾಗ ಯೂಸಾಕು ‘ಬೇಡ, ತಿರುಗಿಸು’ ಅಂತಾನೆ. ತಿರುಗಿಸಬಹುದು ಅನ್ನೋದು ನಮಗೂ ಗೊತ್ತು.

ಇನ್ನು ಯಾರಿಗೆ ಏನು ಗೊತ್ತು ಅನ್ನೋ ಲೆಕ್ಕ ನೋಡಿ. ಅವನು ಅಬಾಶಿರಿ ಜೈಲಿಂದ ಹೊರಬರೋದನ್ನು ನಾವು ಮೊದಲೇ ನೋಡಿರ್ತೀವಿ, ಕಾರಿನಲ್ಲಿರುವ ಇಬ್ಬರಿಗೆ ಗೊತ್ತಿರಲ್ಲ. ಯಾಕೆ ಜೈಲಿಗೆ ಹೋದ ಅನ್ನೋದು ನಮಗೂ ಗೊತ್ತಿಲ್ಲ. ಹೆಂಡತಿ ಮಿತ್ಸುಎಗೆ ಬರೆದ ಕಾರ್ಡಿನ ಒಕ್ಕಣೆ ಬಾಯಿಬಿಡೋದು ತೀರಾ ಕೊನೆಗೆ. ಹೀಗೆ ಬೀಗ ಒಂದೊಂದೇ ತೆಗೀತಾ ಹೋಗ್ತಾರೆ. ಆದ್ದರಿಂದ ‘ಕರವಸ್ತ್ರ ಇರುತ್ತೆ’ ಅಂತ ಗೊತ್ತಿದ್ದವನೂ ಕಾಯ್ತಾನೆ, ಯಾಕಂದರೆ ಯೂಸಾಕುಗೆ ಅದು ಗೊತ್ತಿಲ್ಲ.

ಈಗ ಕಿನ್ಯಾ. ಅವನ ಏಡಿಯ ಪ್ರಸಂಗ ಬರೀ ನಗೆಗೆ ಇಟ್ಟಿದ್ದಲ್ಲ. ಏಡಿ ತಿಂದು ಹೊಟ್ಟೆ ಕೆಡುತ್ತೆ, ಅಕೆಮಿ ಸ್ಟಿಯರಿಂಗ್ ಹಿಡೀತಾಳೆ, ಕಾರು ಹೊಲಕ್ಕೆ ನುಗ್ಗುತ್ತೆ, ರೈತನ ಮನೆಯಲ್ಲಿ ರಾತ್ರಿ ಕಳೀಬೇಕಾಗುತ್ತೆ. ಮುಂದೆ ಯೂಸಾಕು ತಾನೇ ಕಾರು ಓಡಿಸಿ ಪೊಲೀಸ್ ತಪಾಸಣೆಯಲ್ಲಿ ಸಿಕ್ಕಿಬೀಳ್ತಾನೆ. ಜೈಲಿನೊಳಗಿದ್ದಷ್ಟು ಕಾಲ ಲೈಸೆನ್ಸ್ ನವೀಕರಣ ಆಗಿಲ್ಲವಲ್ಲ! ಗುಟ್ಟು ರಟ್ಟಾಗೋದು ಅಲ್ಲೇ. ಚೇಷ್ಟೆ ತೆಗೆದರೆ ಈ ಸರಪಳಿ ತುಂಡಾಗುತ್ತೆ, ಯೂಸಾಕು ಕಾರಣವೇ ಇಲ್ಲದೆ ಇವರ ಜೊತೆ ಅಂಟಿಕೊಂಡ ಹಾಗೆ ಕಾಣ್ತಾನೆ.

ಪರಿಚಯದಲ್ಲಿ ಒಂದು ವಿಷಯ ಬಿಡಬೇಡಿ. ಯೂಸಾಕು ಪಾತ್ರ ಮಾಡಿದ ತಾಕಾಕುರಾ ಕೆನ್ 1965ರಿಂದ ‘ಅಬಾಶಿರಿ ಬಂಗಾಯ್ಚಿ’ ಸರಣಿಯಲ್ಲಿ ಇದೇ ಜೈಲಿನ ರೌಡಿ ಪಾತ್ರಗಳಿಂದ ಹೆಸರಾದವರು. ಅಂಥವರು ಅದೇ ಅಬಾಶಿರಿಯಿಂದ ಬಂದು, ಹೋಟೆಲಿನಲ್ಲಿ ಕೂತು ಎರಡೂ ಕೈಯಲ್ಲಿ ಬಿಯರ್ ಲೋಟ ಹಿಡಿದು ಕುಡಿಯೋದನ್ನು ನೋಡಿದ ಜಪಾನಿನ ಪ್ರೇಕ್ಷಕನಿಗೆ ಹಳೇ ಚಿತ್ರಗಳೆಲ್ಲಾ ಬೆನ್ನಿಗಿದ್ದವು. ನಮ್ಮ ಹುಡುಗರಿಗೆ ಆ ಹಿನ್ನೆಲೆ ಇಲ್ಲ, ಎರಡು ವಾಕ್ಯದಲ್ಲಿ ಹೇಳಿಬಿಡಿ. ಜಪಾನ್ ಅಕಾಡೆಮಿಯ ಮೊಟ್ಟಮೊದಲ ಅತ್ಯುತ್ತಮ ಚಿತ್ರ ಪ್ರಶಸ್ತಿ ಇದಕ್ಕೇ ಬಂತು ಅಂತ ಸೇರಿಸಿದರೆ ಸಾಕು.

ಪರದೆ_ಹಿಂದೆ:
ಸಬ್‌ಟೈಟಲ್ ವಿಷಯಕ್ಕೆ.

ಅಕ್ಷರ ಡಬ್ಬಿ ಡಬ್ಬಿಯಾಗಿ ಬಂದರೆ ಆ ಯಂತ್ರದಲ್ಲಿ ಕನ್ನಡ ಫಾಂಟ್ ಇಲ್ಲ ಅಂತ. ಇಂಗ್ಲಿಷ್ ಚಿಹ್ನೆಗಳ ಕಸ ಬಂದರೆ ಯಾರೋ ನುಡಿಯ ಹಳೇ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದಾರೆ. ಯೂನಿಕೋಡ್‌ಗೆ ಪರಿವರ್ತಿಸಿ, ಯುಟಿಎಫ್-8ನಲ್ಲಿ ಸೇವ್ ಮಾಡಿ. ಅಕ್ಷರ ಸರಿಯಿದ್ದು ಒತ್ತು ಮಾತ್ರ ಪಕ್ಕಕ್ಕೆ ಜಾರಿದ್ದರೆ ತಪ್ಪು ಪ್ಲೇಯರಿನದು, ಅದಕ್ಕೆ ಕನ್ನಡ ಜೋಡಿಸೋಕೆ ಬರ್ತಿಲ್ಲ. ಪ್ರೊಜೆಕ್ಟರಿಗೋ ಟಿವಿಗೋ ನೇರ ಪೆನ್‌ಡ್ರೈವ್ ಚುಚ್ಚಿದಾಗ ಬಹುತೇಕ ಹೀಗೇ ಆಗೋದು. ಲ್ಯಾಪ್‌ಟಾಪಿಂದ ಹೊಸ ಆವೃತ್ತಿಯ ಪ್ಲೇಯರಿನಲ್ಲಿ ನೋಟೊ ಸಾನ್ಸ್ ಕನ್ನಡ ಫಾಂಟ್ ಆರಿಸಿ ಓಡಿಸಿ. ಆಗಲೂ ಸರಿಹೋಗದಿದ್ದರೆ ಅಕ್ಷರಗಳನ್ನು ಚಿತ್ರದ ಮೇಲೇ ಅಚ್ಚು ಹಾಕಿಬಿಡಿ, ಆದರೆ ಮೊದಲು ಐದು ನಿಮಿಷದ ತುಣುಕಿನಲ್ಲಿ ಪರೀಕ್ಷಿಸಿ. ಅಚ್ಚಾದ ಮೇಲೆ ತಿದ್ದೋಕಾಗಲ್ಲ.

ತಾಳೆ ತಪ್ಪೋದಕ್ಕೆ ಎರಡು ಕಾರಣ. ಶುರುವಿನಲ್ಲಿ ಎರಡು ಸೆಕೆಂಡ್, ಕೊನೆಯಲ್ಲೂ ಎರಡೇ ಸೆಕೆಂಡ್ ಅಂದರೆ ಎಲ್ಲವನ್ನೂ ಅಷ್ಟು ಸರಿಸಿದರೆ ಮುಗೀತು. ನಿಮ್ಮದು ಬೆಳೀತಾ ಹೋಗೋ ವ್ಯತ್ಯಾಸ. ಅಂದರೆ ಚಿತ್ರ ಸೆಕೆಂಡಿಗೆ 23.976 ಫ್ರೇಮ್, ಸಬ್‌ಟೈಟಲ್ 25 ಫ್ರೇಮಿನ ಪ್ರತಿಗೆ ಮಾಡಿದ್ದು (ಅಥವಾ ತಿರುವುಮುರುವು). 108 ನಿಮಿಷಕ್ಕೆ ಸುಮಾರು ನಾಲ್ಕೂವರೆ ನಿಮಿಷ ಜಾರುತ್ತೆ. ಸಬ್‌ಟೈಟಲ್ ಎಡಿಟ್ ತಂತ್ರಾಂಶದಲ್ಲಿ ಫ್ರೇಮ್ ದರ ಬದಲಿಸುವ ಆಯ್ಕೆ ಇದೆ, ಸಾಲು ಸಾಲಾಗಿ ಕೈಯಲ್ಲಿ ಸರಿಸುತ್ತಾ ಕೂರಬೇಡಿ.

ಚಿತ್ರದ ಅಗಲ-ಎತ್ತರ 2.35:1. ಪ್ರೊಜೆಕ್ಟರಿನ ‘ಝೂಮ್’ ಹಾಕಿ ಕಪ್ಪು ಪಟ್ಟಿ ಮುಚ್ಚಿದರೆ ಅಗಲದಲ್ಲಿ ನಾಲ್ಕನೇ ಒಂದು ಭಾಗ ಹೋಗುತ್ತೆ. ಕಾರಿನೊಳಗಿನ ಶಾಟ್‌ಗಳಲ್ಲಿ ಅಂಚಿನಲ್ಲಿ ಕೂತವರ ಮುಖ ಅರ್ಧವಾಗುತ್ತೆ. ಪಟ್ಟಿ ಇರಲಿ, ಅದನ್ನೇ ಬಳಸಿಕೊಳ್ಳಿ. 1920×816ರ ಫೈಲನ್ನು 1080ಕ್ಕೆ ಏರಿಸುವಾಗ ಚಿತ್ರವನ್ನು ಮೇಲಕ್ಕೆ ಕೂರಿಸಿದರೆ ಕೆಳಗೆ 264 ಸಾಲು ಖಾಲಿ ಸಿಗುತ್ತೆ, ಒತ್ತು ಸಮೇತ ಎರಡು ಸಾಲು ಕನ್ನಡ ಆರಾಮಾಗಿ ಹಿಡಿಯುತ್ತೆ. ಸಾಲಿಗೆ 30–35 ಅಕ್ಷರ ಮೀರಬೇಡಿ.

ಬಣ್ಣವನ್ನು ‘ಸಿನಿಮಾ’ ಮೋಡಿಗೆ ಇಡಿ. ಅತಿ ಬೆಳಕಿನ ಮೋಡಿನಲ್ಲಿ ಹಸಿರು ಛಾಯೆ ಬಂದು ಹಳದಿ ನಿಂಬೆಕಾಯಿ ಬಣ್ಣಕ್ಕೆ ತಿರುಗುತ್ತೆ. ಈ ಚಿತ್ರಕ್ಕಂತೂ ಅದು ಆಗಬಾರದು.

ಇಂಗ್ಲಿಷ್ ಸಬ್‌ಟೈಟಲ್ ನೋಡಿ ಕನ್ನಡಕ್ಕೆ ತಂದಿದ್ದರೆ ಇನ್ನೊಂದು ಸಲ ನೋಡಿ. ಜಪಾನಿಯಲ್ಲೂ ಕ್ರಿಯಾಪದ ಕೊನೆಗೇ ಬರೋದು, ನಮ್ಮ ಹಾಗೆ. ಯೂಸಾಕು ತಡೆದು ತಡೆದು ಆಡುವ ಮಾತು ಕನ್ನಡದಲ್ಲಿ ಅದೇ ಕ್ರಮದಲ್ಲಿ ಕೂರುತ್ತೆ, ಇಂಗ್ಲಿಷಿನ ಹಾದಿ ಹಿಡಿದರೆ ಗುಟ್ಟು ಒಂದು ಕ್ಷಣ ಮೊದಲೇ ಪರದೆಗೆ ಬಂದುಬಿಡುತ್ತೆ.

ಜೋಗಿಮಟ್ಟಿ_ಗಾಳಿ:
ಏಳುಸುತ್ತು ಸರ್ ಕಿನ್ಯಾನ ಪರ ಸ್ವಲ್ಪ ಜಾಸ್ತಿಯೇ ವಾದಿಸಿದ್ರು. ಮೊದಲ ರಾತ್ರಿ ವಸತಿಯಲ್ಲಿ ಅವನು ಅಕೆಮಿ ಮೇಲೆ ಬೀಳೋದನ್ನು ಚಿತ್ರ ಹಗುರಾಗಿ ತಗೊಂಡಿದೆ. ಇವತ್ತಿನ ಕಾಲೇಜು ಹುಡುಗಿಯರು ನಗಲ್ಲ, ನಗಬೇಕಾಗೂ ಇಲ್ಲ. ಅದು ನಗಿಸೋಕೆ ಇಟ್ಟ ದೃಶ್ಯ, ಈಗ ಹಾಗೆ ಕೆಲಸ ಮಾಡಲ್ಲ ಅಂತ ಮೊದಲೇ ಹೇಳಿಬಿಡಿ. ಆದರೂ ತೆಗೆಯಬೇಡಿ, ಯಾಕಂದರೆ ಮುಂದೆ ಯೂಸಾಕು ಅವನಿಗೆ ಹೆಣ್ಣಿನ ಜೊತೆ ಹೇಗಿರಬೇಕು ಅಂತ ಬೈತಾನೆ. ಆ ಬುದ್ಧಿ ಹೇಳೋನೇ ಮಿತ್ಸುಎಯ ಗರ್ಭ ಇಳಿದಾಗ, ಅವಳಿಗೆ ಹಿಂದೆಯೂ ಹಾಗಾಗಿತ್ತು ಅಂತ ತಿಳಿದು ಕೆರಳಿ, ಕುಡಿದು, ಬೀದಿ ಜಗಳದಲ್ಲಿ ಒಬ್ಬನನ್ನು ಕೊಂದವನು. ಅವನ ಬಾಯಿಂದ ಬಂದಿದ್ದಕ್ಕೇ ಆ ಬೈಗುಳಕ್ಕೆ ತೂಕ.

ಮಿಲ್ ಕಡೆಯ ಹಿರಿಯರಿಗೆ ಯೂಬಾರಿ ಬಗ್ಗೆ ಹೇಳಿ. ಅದು ಕಲ್ಲಿದ್ದಲ ಗಣಿಯ ಊರು, 1960ರ ಸುಮಾರಿಗೆ ಲಕ್ಷಕ್ಕೂ ಮೇಲೆ ಜನ ಇದ್ದರು. ಚಿತ್ರ ತೆಗೆಯುವ ಹೊತ್ತಿಗೆ ಗಣಿಗಳು ಒಂದೊಂದಾಗಿ ಮುಚ್ಚುತ್ತಿದ್ದವು. 1981ರಲ್ಲಿ ಹೊಸ ಗಣಿಯ ಅನಾಹುತದಲ್ಲಿ 93 ಜನ ಸತ್ತರು, 1990ಕ್ಕೆ ಕೊನೇ ಗಣಿಯೂ ನಿಂತಿತು, ಆಮೇಲೆ ನಗರಸಭೆಯೇ ದಿವಾಳಿಯಾಯಿತು. ಹತ್ತಿಗಿರಣಿ ಮುಚ್ಚಿದ ದಾವಣಗೆರೆಗೂ, ತಾಮ್ರದ ಗಣಿ ನಿಂತ ಇಂಗಳದಾಳಕ್ಕೂ ಆ ಸಾಲುಮನೆಗಳ ಪರಿಚಯ ಮಾಡಿಕೊಡಬೇಕಾಗಿಲ್ಲ. ಚಿತ್ರೀಕರಣ ನಡೆದ ಸಾಲುಮನೆಯನ್ನು ಅಲ್ಲಿ ಉಳಿಸಿಕೊಂಡಿದ್ದಾರೆ, ಒಳಗೆ ಆ ಕೆಂಪು ಕಾರೂ ಇದೆ.

ಹಾಂ, ಡಿವಿಡಿ ಮನೆಬಳಕೆಗೆ ಮಾತ್ರ. ಟಿಕೆಟ್ ಇಡದಿದ್ದರೂ ಸಾರ್ವಜನಿಕ ಪ್ರದರ್ಶನಕ್ಕೆ ಅನುಮತಿ ಬೇಕು. ದೆಹಲಿಯ ಜಪಾನ್ ಫೌಂಡೇಶನ್‌ಗೆ ಈಗಲೇ ಬರೆಯಿರಿ.

ಬೆಣ್ಣೆನಗರಿ:
ಸರಿ, ಪೂರ್ತಿ ಹಾಕ್ತೀವಿ. ಪರಿಚಯ ಮೂರೇ ನಿಮಿಷ, ಚರ್ಚೆ ಹೊರಗೆ ಮಂಡಕ್ಕಿ ಮಿರ್ಚಿ ಜೊತೆ. ಇಂಟರ್‌ವಲ್ ಕೇಳೇ ಕೇಳ್ತಾರೆ, ಎಲ್ಲಿ ಬಿಡೋದು?

ಏಳುಸುತ್ತು, ಚಿತ್ರದುರ್ಗ:
ಬಿಡದಿದ್ದರೆ ಒಳ್ಳೇದು. ಬಿಡಲೇಬೇಕಾದರೆ ಪೊಲೀಸ್ ಠಾಣೆಯ ದೃಶ್ಯ ಮುಗಿದ ಕೂಡಲೇ ಬಿಡಿ. ನಟ ಆತ್ಸುಮಿ ಕಿಯೋಶಿ ಪೊಲೀಸ್ ಅಧಿಕಾರಿಯಾಗಿ ಬಂದು ಹೋಗ್ತಾರಲ್ಲ, ಅದು. ಯೂಸಾಕು ಜೈಲಿಂದ ಬಂದವನು ಅಂತ ಅಷ್ಟೊತ್ತಿಗೆ ಕಾರಿನವರಿಗೂ ಗೊತ್ತಾಗಿರುತ್ತೆ. ಅಲ್ಲಿಂದಾಚೆಗೆ ಎಲ್ಲೂ ನಿಲ್ಲಿಸಬೇಡಿ. ಇನ್ನೊಂದು: ಕೊನೆಯಲ್ಲಿ ಯೂಸಾಕು, ಮಿತ್ಸುಎ ಎದುರಾಗೋದನ್ನು ದೂರದಿಂದ ತೋರಿಸ್ತಾರೆ, ಅವರ ಮಾತು ನಮಗೆ ಕೇಳಿಸಲ್ಲ. ಆಡಿಯೋ ಹೋಯ್ತು ಅಂದುಕೊಂಡು ವಾಲ್ಯೂಮ್ ಏರಿಸಬೇಡ ಅಂತ ಆಪರೇಟರಿಗೆ ಮೊದಲೇ ಹೇಳಿಟ್ಟಿರಿ.