ಬಂದ್ ಬಿದ್ದಿದೆ, ತಪ್ಪು ತೋರಿಸುತ್ತಿದೆ, ಸಿಕ್ ಮಾಡಿದ್ದಾರೆ: ವಿಮಾನದ ನಿಯಮಕ್ಕೆ ಯಾವ ಮಾತು?

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯ ಡಿಪ್ಲೊಮಾ ಹುಡುಗರಿಗಾಗಿ ವಿಮಾನದ ಸುರಕ್ಷತಾ ನಿಯಮಗಳ ಬಗ್ಗೆ ಒಂದು ಸಣ್ಣ ಕನ್ನಡ ಪುಸ್ತಿಕೆ ಬರೆಯುತ್ತಿದ್ದೇನೆ. ದಾರಿ, ದಿಕ್ಕು, ಎತ್ತರ ತೋರಿಸುವ ಉಪಕರಣಗಳ ಅಧ್ಯಾಯಕ್ಕೆ ಬಂದು ಕೈ ನಿಂತಿದೆ. ಉಪಕರಣಗಳ ಹೆಸರಿನದ್ದೇನೂ ತಕರಾರಿಲ್ಲ. ವಿಒಆರ್, ಡಿಎಂಇ, ಐಎಲ್‌ಎಸ್, ಜಿಪಿಎಸ್ ಎಲ್ಲ ಹಾಗೇ ಇಟ್ಟಿದ್ದೇನೆ. ನಾಳೆ ಕೆಲಸಕ್ಕೆ ಸೇರಿದಾಗ ಈ ಹುಡುಗರ ಮುಂದೆ ಯಾರೂ ‘ಅವತರಣ ಸಾಧನ’ ಅನ್ನುವುದಿಲ್ಲ. ತೊಡಕು ಇರುವುದು ಕ್ರಿಯಾಪದಗಳಲ್ಲಿ.

ವಿಮಾನ ಹೊರಡುವ ಮುಂಚೆ ಒಂದು ಉಪಕರಣ ಕೆಲಸ ಮಾಡುತ್ತಿಲ್ಲ ಅಂತ ಗೊತ್ತಾಯಿತು ಅನ್ನಿ. ಹಾಗೇ ಹಾರಬಹುದೋ ಇಲ್ಲವೋ ಅಂತ ನೋಡಲು ಡಿಜಿಸಿಎ, ಅಂದರೆ ನಮ್ಮ ದೇಶದ ವಿಮಾನಯಾನ ಪ್ರಾಧಿಕಾರ, ಒಪ್ಪಿದ ಒಂದು ಪಟ್ಟಿ ವಿಮಾನ ಕಂಪನಿಯ ಹತ್ತಿರ ಇರುತ್ತದೆ. ಅದನ್ನು ಎಂಇಎಲ್ ಅಂತಾರೆ. ಯಾವುದು ಇಲ್ಲದಿದ್ದರೂ ನಡೆಯುತ್ತದೆ, ಎಷ್ಟು ದಿನ, ಏನು ಷರತ್ತು ಎಲ್ಲ ಅದರಲ್ಲಿದೆ. ದಿಕ್ಕು ತಿಳಿಸುವ ಎರಡು ವಿಒಆರ್ ರಿಸೀವರ್‌ಗಳಲ್ಲಿ ಒಂದು ಹೋಗಿದ್ದರೆ, ಅವತ್ತು ಹೋಗುವ ದಾರಿಗೆ ಉಳಿದದ್ದು ಸಾಕೇ ಅಂತ ನೋಡುತ್ತಾರೆ. ಸಾಕು ಅಂತಾದರೆ ಪಟ್ಟಿಯಲ್ಲಿ ಹೇಳಿದ ಕೆಲಸ ಮುಗಿಸಿ, ಕೆಟ್ಟದ್ದರ ಪಕ್ಕ ‘ಇನ್‌ಆಪ್’ (ಇನ್‌ಆಪರೇಟಿವ್, ಕೆಲಸ ಮಾಡುತ್ತಿಲ್ಲ) ಅಂತ ಚೀಟಿ ಅಂಟಿಸಿ, ವಿಮಾನದ ದೋಷ, ರಿಪೇರಿ ಬರೆದಿಡುವ ಟೆಕ್ ಲಾಗ್‌ನಲ್ಲಿ ಬರೆದು ಸಹಿ ಹಾಕುತ್ತಾರೆ. ಇಷ್ಟಾದ ಮೇಲೂ ಕ್ಯಾಪ್ಟನ್‌ಗೆ ಬೇಡ ಅನ್ನಿಸಿದರೆ ಬೇಡ ಅನ್ನಬಹುದು.

ಈ ‘ಇನ್‌ಆಪ್’ಗೆ ನಾನು ಮೊದಲು ಬರೆದದ್ದು ‘ಬಂದ್ ಬಿದ್ದಿದೆ’. ನಮ್ಮ ಕಡೆ ಬೋರ್‌ವೆಲ್ಲಿನ ಮೋಟರ್ ಇರಲಿ, ಹಿಟ್ಟಿನ ಗಿರಣಿ ಇರಲಿ, ಎಲ್ಲಕ್ಕೂ ಅದೇ ಮಾತು. ಹುಡುಗರಿಗೂ ಸುಮ್ನೆ ಅರ್ಥವಾಗುತ್ತದೆ. ಆದರೆ ಬೆಂಗಳೂರಿನಲ್ಲಿ ವಿಮಾನ ರಿಪೇರಿ ಕೆಲಸದಲ್ಲಿರುವ ನನ್ನ ಅಕ್ಕನ ಮಗ ಒಪ್ಪಲಿಲ್ಲ. “ಮಾಮಾ, ಬಂದ್ ಬಿದ್ದಿದ್ದು ಕಣ್ಣಿಗೆ ಕಾಣತದ. ಛಲೋ ನಡದಂಗ ಕಾಣ್ಕೋತ ಸುಳ್ಳ ಹೇಳತದಲ್ಲ, ಅದಕ್ಕ ಏನಂತೀರಿ?” ಅಂದ.

ಅವನು ಕೊಟ್ಟ ಉದಾಹರಣೆ ಆಮ್‌ಸ್ಟರ್‌ಡ್ಯಾಮ್‌ನದು. 2009ರ ಫೆಬ್ರುವರಿ 25ರಂದು ಟರ್ಕಿಶ್ ಏರ್‌ಲೈನ್ಸ್‌ನ ಬೋಯಿಂಗ್ 737-800 ಅಲ್ಲಿ ಇಳಿಯಲು ಬರುತ್ತಿತ್ತು. ನೆಲದಿಂದ ಎಷ್ಟು ಎತ್ತರ ಅಂತ ಅಳೆಯುವ ಎಡಗಡೆಯ ರೇಡಿಯೊ ಆಲ್ಟಿಮೀಟರ್ ಒಮ್ಮೆಲೇ ಮೈನಸ್ 8 ಅಡಿ ಅಂತ ತೋರಿಸಿತು. ವಿಮಾನ ಇದ್ದದ್ದು ಸುಮಾರು 1,950 ಅಡಿ ಮೇಲೆ. ಎಂಜಿನ್‌ಗಳ ಶಕ್ತಿಯನ್ನು ತಾನೇ ಹೊಂದಿಸುವ ಆಟೊಥ್ರಾಟಲ್ ಆ ಅಂಕಿಯನ್ನೇ ನಂಬಿತು. ನೆಲ ಬಂತು ಅಂತ ಎಂಜಿನ್‌ಗಳನ್ನು ಐಡ್ಲಿಂಗ್‌ಗೆ ಇಳಿಸಿಬಿಟ್ಟಿತು. ವೇಗ ಕುಸಿಯುತ್ತಾ ಹೋದದ್ದು ಪೈಲಟ್‌ಗಳ ಗಮನಕ್ಕೆ ಬರುವಾಗ ತಡವಾಗಿತ್ತು. ವಿಮಾನ ರನ್‌ವೇ ಮುಟ್ಟುವ ಮೊದಲೇ ಹೊಲದಲ್ಲಿ ಬಿತ್ತು, 9 ಜನ ಸತ್ತರು. ಬಲಗಡೆಯ ಆಲ್ಟಿಮೀಟರ್ ಅಷ್ಟೂ ಹೊತ್ತು ಸರಿಯಾದ ಎತ್ತರವನ್ನೇ ತೋರಿಸುತ್ತಿತ್ತು.

ಈ ಎಡಗಡೆಯ ಆಲ್ಟಿಮೀಟರ್‌ಗೆ ‘ಬಂದ್ ಬಿದ್ದಿತ್ತು’ ಅನ್ನಲು ಬರುವುದಿಲ್ಲ, ಅಲ್ವಾ? ಅದು ಪೂರ್ತಿ ಬಂದ್ ಬಿದ್ದಿದ್ದರೇ ಚೆನ್ನಾಗಿತ್ತು. ‘ಕೆಟ್ಟಿತ್ತು’ ಅಂದರೆ ತಪ್ಪಲ್ಲ, ಆದರೆ ಯಾವ ತರಹ ಕೆಟ್ಟಿತ್ತು ಅನ್ನುವುದು ಹೊರಗುಳಿಯುತ್ತದೆ. ಜಿಪಿಎಸ್ ಗೊಂದಲಕ್ಕೂ ಇದೇ ಮಾತು. ಜ್ಯಾಮಿಂಗ್ ಅಂದರೆ ಸಿಗ್ನಲ್ ಸಿಗುವುದಿಲ್ಲ. ಸ್ಪೂಫಿಂಗ್ ಅಂದರೆ ಸಿಗ್ನಲ್ ಸಿಗುತ್ತದೆ, ಆದರೆ ಖೊಟ್ಟಿ. ವಿಮಾನ ತಾನು ಇಲ್ಲದ ಜಾಗದಲ್ಲಿ ಇದ್ದೇನೆ ಅಂದುಕೊಳ್ಳುತ್ತದೆ. 2023ರ ನವೆಂಬರ್‌ನಲ್ಲಿ ಡಿಜಿಸಿಎ ಇದರ ಬಗ್ಗೆ ವಿಮಾನ ಕಂಪನಿಗಳಿಗೆ ಸುತ್ತೋಲೆಯನ್ನೇ ಕಳಿಸಿತು. ‘ಖೊಟ್ಟಿ ಸಿಗ್ನಲ್’ ಅಂತಲೇ ಬರೆದುಕೊಂಡಿದ್ದೇನೆ. ಖೊಟ್ಟಿ ನೋಟು ಗೊತ್ತಿರುವವರಿಗೆ ಬೇರೆ ವಿವರಣೆ ಬೇಡ.

ಇನ್ನೊಂದು ಸೂಕ್ಷ್ಮ ಹೇಳಿಕೊಟ್ಟವರು ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದ ನಮ್ಮ ಓಣಿಯ ಹಿರಿಯರು. ರೈಲ್ವೆಯಲ್ಲಿ ಡಬ್ಬಿ ಕೆಟ್ಟರೆ ಅದನ್ನು ‘ಸಿಕ್’ ಮಾಡುತ್ತಾರೆ. ಗುರುತು ಹಾಕಿ ಸಿಕ್ ಲೈನಿಗೆ ತಳ್ಳುತ್ತಾರೆ. ಕೆಡುವುದು ಡಬ್ಬಿಯ ಪಾಡು. ಸಿಕ್ ಮಾಡುವುದು ಮನುಷ್ಯನ ತೀರ್ಮಾನ, ಅದಕ್ಕೊಂದು ಸಹಿ ಇರುತ್ತದೆ. ವಿಮಾನದ ‘ಇನ್‌ಆಪ್’ ಚೀಟಿಯೂ ಹಾಗೇ. ಅದನ್ನು ಓದಿದವನಿಗೆ ‘ಇದು ಕೆಟ್ಟಿದೆ’ ಅನ್ನುವುದಕ್ಕಿಂತ ‘ಇದನ್ನು ಲೆಕ್ಕಕ್ಕೆ ಹಿಡಿಯಬೇಡ’ ಅನ್ನುವುದು ಗೊತ್ತಾಗಬೇಕು. ಹಾಗಾಗಿ ಚೀಟಿಯ ಮಾತಿಗೆ ‘ಬಳಕೆಯಿಂದ ತೆಗೆದಿದೆ’ ಅಂತ ಹಾಕಿದ್ದೇನೆ. ಸ್ವಲ್ಪ ಉದ್ದ ಆಯಿತು. ‘ಸಿಕ್’ ಅಂತಲೇ ಬರೆಯುವ ಆಸೆ ಇತ್ತು, ಆದರೆ ಹುಬ್ಬಳ್ಳಿಯ ರೈಲ್ವೆ ಮನೆಗಳ ಆಚೆ ಅದು ಜಡ್ಡು ಅಂತ ಆಗಿಬಿಡುತ್ತದೆ. ಇದಕ್ಕಿಂತ ಗಿಡ್ಡ ಮಾತು ಯಾರಿಗಾದರೂ ಹೊಳೆದರೆ ಹೇಳಿ.

ಎರಡನೆಯದು ದಿನದ ಲೆಕ್ಕ. ಎಂಇಎಲ್‌ನಲ್ಲಿ ‘ಬಿ’ ವರ್ಗದ ದೋಷವನ್ನು 3 ದಿನದಲ್ಲಿ, ‘ಸಿ’ ವರ್ಗದ್ದನ್ನು 10 ದಿನದಲ್ಲಿ ಸರಿಮಾಡಬೇಕು. ಗೊತ್ತಾದ ದಿನ ಲೆಕ್ಕಕ್ಕಿಲ್ಲ. ಸೋಮವಾರ ಬೆಳಿಗ್ಗೆ ಲಾಗ್‌ನಲ್ಲಿ ಬರೆದರೆ ಎಣಿಕೆ ಶುರುವಾಗುವುದು ಅವತ್ತು ನಡುರಾತ್ರಿ, ಮುಗಿಯುವುದು ಗುರುವಾರ ನಡುರಾತ್ರಿ. ನಮ್ಮ ಎಣಿಕೆ ಹಾಗಿಲ್ಲವಲ್ಲ! ಐದನೇ ದಿನದ ಗಣಪತಿ ಅಂದರೆ ಚೌತಿಯೇ ಮೊದಲನೇ ದಿನ. ‘ಮೂರನೇ ದಿನದೊಳಗೆ’ ಅಂತ ಬರೆದರೆ ಹುಡುಗರು ಬುಧವಾರಕ್ಕೇ ನಿಲ್ಲಿಸುತ್ತಾರೆ. ಸುರಕ್ಷತೆಗೆ ಅದರಿಂದ ಹಾನಿ ಇಲ್ಲ, ಪರೀಕ್ಷೆಯಲ್ಲಿ ಮಾತ್ರ ಮಾರ್ಕ್ಸ್ ಹೋಗುತ್ತದೆ. ‘ಗೊತ್ತಾದ ದಿನ ಬಿಟ್ಟು 3 ದಿನ’ ಅಂತ ಪ್ರತಿ ಸಲವೂ ಪೂರ್ತಿ ಬರೆಯುವುದೇ ಸರಿ ಅಂತ ನನ್ನ ಅಭಿಪ್ರಾಯ. ‘ಟ್ರಿಪ್’ದೂ ಇದೇ ಪಾಡು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗಿ ಬಂದರೆ ನಮಗೆ ಒಂದು ಟ್ರಿಪ್. ರಿಪೇರಿಯವರಿಗೆ ಅದು ಎರಡು ಫ್ಲೈಟ್ ಸೈಕಲ್, ಏಕೆಂದರೆ ಎರಡು ಸಲ ಏರಿ ಎರಡು ಸಲ ಇಳಿದಿದೆ. ಅದಕ್ಕೆ ‘ಸೈಕಲ್’ ಅಂತಲೇ ಬಿಟ್ಟೆ.

ಈಗ ನಿಜವಾದ ಕಗ್ಗಂಟು: ‘ಬೇಕು’.

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಕಾವೊ, ತನ್ನ ಅನುಬಂಧಗಳಲ್ಲಿ ಎರಡು ಮಾತನ್ನು ಬಹಳ ಜೋಪಾನವಾಗಿ ಬೇರೆ ಇಡುತ್ತದೆ. ಮಾನದಂಡ ಇದ್ದಲ್ಲಿ ‘ಶಲ್’, ಶಿಫಾರಸು ಇದ್ದಲ್ಲಿ ‘ಶುಡ್’. ಕನ್ನಡದಲ್ಲಿ ಎರಡಕ್ಕೂ ‘ಮಾಡಬೇಕು’ ಅಂದುಬಿಡುತ್ತೇವೆ. ಮೊದಲನೆಯದಕ್ಕೆ ‘ಮಾಡಲೇಬೇಕು’ ಅಂತ ಒತ್ತು ಕೊಟ್ಟು ನೋಡಿದೆ. ಒಂದು ಪುಟದಲ್ಲಿ ಎಲ್ಲ ಕಡೆ ‘ಲೇ’ ಬಂದರೆ ಓದುವವನನ್ನು ಗದರಿಸಿದ ಹಾಗೆ ಕೇಳಿಸುತ್ತದೆ. ಒಂದು ಕಡೆ ‘ಲೇ’ ಬಿಟ್ಟುಹೋದರೆ ಅದು ಕಡ್ಡಾಯ ಅಲ್ಲ ಅಂತ ಅರ್ಥ ಬರುತ್ತದೆ. ಸರ್ಕಾರಿ ಕನ್ನಡದ ‘ಮಾಡತಕ್ಕದ್ದು’ ಈ ಕೆಲಸಕ್ಕೆ ಲಾಯಕ್ಕಾಗಿದೆ. ಕಾಯಿದೆಗಳ ಅನುವಾದದಲ್ಲಿ ಅದು ಬೇರೂರಿದೆ. ನನಗೆ ಆ ಒಣ ಕನ್ನಡದ ಮೇಲೆ ಅಂಥ ಪ್ರೀತಿ ಇಲ್ಲ, ಆದರೂ ಇಲ್ಲಿ ಒಪ್ಪಿಕೊಂಡಿದ್ದೇನೆ. ‘ಶುಡ್’ಗೆ ‘ಮಾಡುವುದು ಒಳ್ಳೆಯದು’.

ಇದು ಬರೀ ವ್ಯಾಕರಣದ ಜಗಳ ಅಲ್ಲ. ವಿಮಾನ ತಯಾರಿಸಿದ ಕಂಪನಿ ‘ಸರ್ವಿಸ್ ಬುಲೆಟಿನ್’ ಕಳಿಸಿದರೆ ಸಾಮಾನ್ಯವಾಗಿ ಅದು ಸಲಹೆ. ಅದೇ ಕೆಲಸವನ್ನು ವಿಮಾನಯಾನ ಪ್ರಾಧಿಕಾರ ‘ಏರ್‌ವರ್ದಿನೆಸ್ ಡೈರೆಕ್ಟಿವ್’ ಅಂತ ಹೊರಡಿಸಿದರೆ ಅದು ಕಾನೂನು. ಅಮೆರಿಕದ ನಿಯಮದಲ್ಲಂತೂ, ಅದನ್ನು ಪಾಲಿಸದೆ ಎಷ್ಟು ಸಲ ಹಾರಿದರೂ ಅಷ್ಟೂ ಸಲ ಉಲ್ಲಂಘನೆ. ನಮ್ಮ ಗೋಕುಲ ರೋಡಿನಲ್ಲಿ ಇಳಿಯುವ ಎಟಿಆರ್ ವಿಮಾನ ತಯಾರಾಗುವುದು ಫ್ರಾನ್ಸಿನ ಟೂಲೂಸ್‌ನಲ್ಲಿ. ಅದರ ಡೈರೆಕ್ಟಿವ್ ಹೊರಡುವುದು ಜರ್ಮನಿಯ ಕಲೋನ್‌ನಲ್ಲಿರುವ ಯುರೋಪಿನ ಸುರಕ್ಷತಾ ಸಂಸ್ಥೆಯಿಂದ. ಅಲ್ಲಿ ಬರೆದ ‘ಶಲ್’ ಇಲ್ಲಿಯ ಟೂಲ್‌ಬಾಕ್ಸ್‌ವರೆಗೂ ಬರುತ್ತದೆ.

ಡೈರೆಕ್ಟಿವ್‌ಗೆ ‘ನಿರ್ದೇಶನ’ ಅಂದರೆ ಸಿನಿಮಾ ನೆನಪಾಗುತ್ತದೆ, ‘ಸೂಚನೆ’ ಸಪ್ಪೆ, ‘ಸುತ್ತೋಲೆ’ ಬೇರೆಯೇ ಕಾಗದ. ‘ಹುಕುಂ’ ಅಂದರೆ ಹಾವೇರಿ, ಗದಗ ಕಡೆಯ ರೈತರ ಮಕ್ಕಳಿಗೆ ತಟ್ಟನೆ ತಿಳಿಯುತ್ತದೆ, ಬಗರ್ ಹುಕುಂ ಅರ್ಜಿ ನೋಡಿ ಬೆಳೆದವರು. ಆದರೆ ಪುಸ್ತಿಕೆಯಲ್ಲಿ ಹಾಕಲು ಧೈರ್ಯ ಸಾಲಲಿಲ್ಲ. ಸದ್ಯಕ್ಕೆ ‘ಹಾರಾಟ ಯೋಗ್ಯತೆಯ ಆದೇಶ’.

ಕೊನೆಗೆ ಉಳಿದದ್ದು ನಿಷೇಧ. ‘ಈ ಕೆಲಸ ಮುಗಿಯುವ ತನಕ ವಿಮಾನ ಹಾರುವಂತಿಲ್ಲ’ ಅಂತ ಬರೆದಿದ್ದೆ. ಕರಡು ಓದಿದ ಹುಡುಗನೊಬ್ಬ ಅದನ್ನು ತನ್ನ ಮಾತಿಗೆ ತಿರುಗಿಸಿಕೊಂಡ: “ವಿಮಾನ ಹಾರಂಗಿಲ್ಲ.” ಈ ‘ಹಾರಂಗಿಲ್ಲ’ಕ್ಕೆ ನಮ್ಮಲ್ಲಿ ಎರಡು ಅರ್ಥ. ಹಾರಬಾರದು ಅಂತಲೂ ಹೌದು, ತಾನಾಗಿಯೇ ಹಾರುವುದಿಲ್ಲ ಅಂತಲೂ ಹೌದು. ಎಂಜಿನ್ ಶುರುವಾಗುವುದಿಲ್ಲವೇನೋ ಅಂತ ಅವನು ತಿಳಿದಿದ್ದ. ವಿಮಾನ ಆರಾಮಾಗಿ ಹಾರುತ್ತದೆ, ಹಾರಿಸಬಾರದು ಅನ್ನುವುದೇ ಇಲ್ಲಿ ಮುಖ್ಯ. ‘ಹಾರಿಸಕೂಡದು’ ಅಂತ ತಿದ್ದಿದ್ದೇನೆ. ಈಗ ಮಾತು ಯಂತ್ರವನ್ನು ಬಿಟ್ಟು ಮನುಷ್ಯನಿಗೆ ತಾಗುತ್ತದೆ.

ಆದರೆ ‘ಶಲ್’ಗೆ ‘ತಕ್ಕದ್ದು’ ಇಟ್ಟ ಮೇಲೆ ಅದರ ನಿಷೇಧಕ್ಕೂ ‘ಹಾರಿಸತಕ್ಕದ್ದಲ್ಲ’ ಅಂತಲೇ ಬರೆಯಬೇಕೇ? ನನ್ನ ಕಿವಿಗೆ ಅದು ‘ಹಾರಿಸುವುದು ಅಷ್ಟು ಯೋಗ್ಯವಲ್ಲ’ ಅಂತ ಉಪದೇಶ ಮಾಡಿದ ಹಾಗೆ ಕೇಳಿಸುತ್ತದೆ. ಧಾರವಾಡದ ಹೈಕೋರ್ಟ್ ಪೀಠದ ಕಡೆ ಓಡಾಡುವ ವಕೀಲರು, ಕಾಯಿದೆ ಅನುವಾದ ಮಾಡಿದವರು ಇಲ್ಲಿ ಇದ್ದೀರಿ. ‘ಕೂಡದು’ ಮತ್ತು ‘ತಕ್ಕದ್ದಲ್ಲ’ ಎರಡಕ್ಕೂ ಕೋರ್ಟಿನಲ್ಲಿ ಒಂದೇ ತೂಕವೇ? ಒಂದೇ ಆದರೆ ನಾನು ‘ಕೂಡದು’ ಇಟ್ಟುಕೊಳ್ಳುತ್ತೇನೆ.