ಶೇಕರ್ ಕುರ್ಚಿಯ ಹರಿದ ಟೇಪ್ ಸೀಟು: ನವಾರು ಹಾಕಬಹುದೇ?

ಪ್ರಶ್ನೆ
ನ್ಯೂಯಾರ್ಕ್ ರಾಜ್ಯದ ಮೌಂಟ್ ಲೆಬನಾನ್ ಶೇಕರರ (ಒಟ್ಟಾಗಿ ಸರಳವಾಗಿ ಬದುಕುವ ಕ್ರೈಸ್ತ ಪಂಥದವರ) ಕುರ್ಚಿ. ಮುಂದಿನ ಅಡ್ಡಕೋಲಿನ ಮೇಲೆ ಸೀಟಿನ ಟೇಪ್ (ನೇಯ್ದ ಬಟ್ಟೆಯ ಪಟ್ಟಿ) ಸವೆದು ಹರಿದಿದೆ, ಎರಡು ಕೋಲು ಸಡಿಲ. ಸೀಟಿನ ಅಗಲ ಮುಂದೆ 18 ಇಂಚು, ಹಿಂದೆ 14, ಆಳ 14. ಮರ ಉಜ್ಜಿ ಪಾಲಿಶ್ ಮಾಡಿ, ಮಂಚದ ನವಾರು ಹಾಕಿದರೆ ನಡೆಯುತ್ತದೆಯೇ?

ಉತ್ತರ 1
ಮರಳುಕಾಗದ ಮುಟ್ಟಿಸಲೇಬೇಡಿ. 1870ರ ದಶಕದ ನಂತರದ ಕುರ್ಚಿಗಳಲ್ಲಿ ಚಿನ್ನದ ಬಣ್ಣದ ಟ್ರೇಡ್‌ಮಾರ್ಕ್ ಅಂಟಿಸಿರುತ್ತಿದ್ದರು, ಬೆನ್ನುಪಟ್ಟಿಯ ಹಿಂದೆ 0ಯಿಂದ 7ರವರೆಗಿನ ಅಳತೆಸಂಖ್ಯೆಯೂ ಇರುತ್ತದೆ. ಒಮ್ಮೆ ಉಜ್ಜಿದರೆ ಎರಡೂ ಹೋದವು.

ನವಾರು ತೀರಾ ದಪ್ಪ. ಕೊನೆಯ ಸಾಲುಗಳಿಗೆ ಹೊಕ್ಕು (ಅಡ್ಡ ಹೋಗುವ ಪಟ್ಟಿ) ನುಗ್ಗುವುದಿಲ್ಲ. 1 ಇಂಚಿನ ಹತ್ತಿ ಟೇಪ್ ತನ್ನಿ. ಹಾಸು (ಹಿಂದೆ-ಮುಂದೆ ಹೋಗುವ ಪಟ್ಟಿ) 14 ಸುತ್ತು, ಒಂದೊಂದು ಸುತ್ತಿಗೂ 30 ಇಂಚು, ಹೊಕ್ಕು 13 ಸುತ್ತು, ಸರಾಸರಿ 34 ಇಂಚು, ಮೂಲೆಗಳಿಗೆ 60. ಒಟ್ಟು ಸುಮಾರು 23.5 ಮೀಟರ್, 26 ಮೀಟರ್ ಇಟ್ಟುಕೊಳ್ಳಿ.

ಟೇಪಿನ ತುದಿಯನ್ನು ಎಡ ಅಡ್ಡಕೋಲಿನ ಒಳಬದಿಗೆ, ಹಿಂಗಾಲಿನ ಹತ್ತಿರ, ಸಣ್ಣ ತಾಮ್ರದ ಮೊಳೆಯಿಂದ ಹೊಡೆಯಿರಿ. ಕಬ್ಬಿಣದ ಮೊಳೆ ತುಕ್ಕು ಹಿಡಿದು ಹತ್ತಿಯನ್ನೇ ತಿನ್ನುತ್ತದೆ. ಹಾಸನ್ನು ಹಿಂದಿನಿಂದ ಮುಂದಕ್ಕೆ ಸುತ್ತಿ. ಬಿಗಿ ಬೇಡ, ಬೆರಳು ತೂರುವಷ್ಟು ಸಡಿಲವಿರಲಿ, ಹೊಕ್ಕು ಹೋಗುತ್ತಾ ಅದೇ ಬಿಗಿಯುತ್ತದೆ. ಮುಂಭಾಗ ಅಗಲವಾದ್ದರಿಂದ ಎರಡು ಬದಿಗೂ ತ್ರಿಕೋನ ಉಳಿಯುತ್ತದೆ, ಅದನ್ನು ಬೇರೆ ತುಂಡುಗಳಿಂದ ತುಂಬಿ. ಹೊಕ್ಕು ಹಿಂದಿನಿಂದ ಶುರು, ಒಂದರ ಮೇಲೆ ಒಂದರ ಕೆಳಗೆ, ಅಡಿಭಾಗದಲ್ಲೂ ಹಾಗೆಯೇ. ಟೇಪ್ ಜೋಡಿಸುವಾಗ ಹೊಲಿಗೆ ಅಡಿಯಲ್ಲಿರಲಿ.

ಉತ್ತರ 2
ಮೊದಲು ಕೋಲು, ಆಮೇಲೆ ಟೇಪ್. ಸಡಿಲ ಕೋಲಿನ ಮೇಲೆ ನೇಯ್ದರೆ ಆ ಎಳೆತಕ್ಕೇ ಕಾಲುಗಳು ಒಳಕ್ಕೆ ವಾಲುತ್ತವೆ. ಅಂಟು ಪ್ರಾಣಿಚರ್ಮದ್ದೇ ಆಗಲಿ. ಬಿಸಿನೀರು, ಹಬೆಗೆ ಅದು ಬಿಡುತ್ತದೆ, ಎಪಾಕ್ಸಿ ಬಿಡುವುದಿಲ್ಲ. ಸೀಟಿನ ಒಳಗೆ ಫೋಮ್ ಹಾಕಬೇಡಿ, ಅದು ಪುಡಿಯಾಗಿ ಉದುರುತ್ತದೆ. ಹತ್ತಿಯ ಪದರ ಸಾಕು.

ಉತ್ತರ 3
ಬಿಚ್ಚುವ ಮೊದಲು ಟೇಪ್ ಯಾವುದೆಂದು ನೋಡಿ. ಮೊದಮೊದಲು ಶೇಕರರು ಉಣ್ಣೆಯ ಟೇಪನ್ನು ಕೈಯಾರೆ ನೇಯುತ್ತಿದ್ದರು, ಹತ್ತಿ ಬಂದದ್ದು ಆಮೇಲೆ. ಮೌಂಟ್ ಲೆಬನಾನ್ ಸಮುದಾಯ 1947ರಲ್ಲಿ ಮುಚ್ಚಿತು. ಈಗ ಶೇಕರರು ಉಳಿದಿರುವುದು ಮೇನ್ ರಾಜ್ಯದ ಸಬ್ಬತ್‌ಡೇ ಲೇಕ್‌ನಲ್ಲಿ ಮಾತ್ರ. ಉಣ್ಣೆಯದ್ದಾದರೆ ಬಿಚ್ಚಲೇಬೇಡಿ. ಹರಿದ ಜಾಗದ ಕೆಳಗೆ ಹತ್ತಿಬಟ್ಟೆ ಇಟ್ಟು, ನೂಲಿನ ಎಳೆಗಳ ನಡುವೆ ಸಣ್ಣ ಹೊಲಿಗೆ ಹಾಕಿ, ಕೂರುವುದನ್ನು ನಿಲ್ಲಿಸಿ. ಹತ್ತಿಯದ್ದಾಗಿ ಬಿಚ್ಚಲೇಬೇಕಾದರೆ ಬಣ್ಣಗಳ ಕ್ರಮ, ಸುತ್ತುಗಳ ಎಣಿಕೆ ಬರೆದುಕೊಳ್ಳಿ, ಮೇಲೂ ಕೆಳಗೂ ಫೋಟೊ ತೆಗೆಯಿರಿ, ಹಳೆಯ ಟೇಪನ್ನು ಆಮ್ಲರಹಿತ ಕಾಗದದಲ್ಲಿ ಸುತ್ತಿ ಕುರ್ಚಿಯ ಜೊತೆಗೇ ಇಡಿ. ಬಿಸಿಲಿಗೆ ಮಾಸದ ಮೂಲ ಬಣ್ಣ ಸಿಗುವುದು ಅಡ್ಡಕೋಲಿಗೆ ಒತ್ತಿಕೊಂಡ ಮಡಿಕೆಯೊಳಗೆ. ಹೊಸ ಟೇಪಿನ ಬಣ್ಣವನ್ನು ಅಲ್ಲಿಂದಲೇ ಹೊಂದಿಸಿ.